ಮಾರಿಯೋ, ಡೈಜೆಸ್ಟಿವೋ, ಟೋಸ್ಟೋ? ಪೊಟ್ಟಣದ ಹಿಂಬದಿ ಓದಿ ಆರಿಸುವ ಬಗೆ

ಸಾಗರದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ಸಂಜೆ ಚಹಾದ ಜೊತೆ ಮಾರಿ ಬಿಸ್ಕತ್ತು ಒಳ್ಳೆಯದೋ, ಡೈಜೆಸ್ಟಿವ್ ಒಳ್ಳೆಯದೋ, ಇಲ್ಲ ಬೇಕರಿ ಟೋಸ್ಟೇ ವಾಸಿಯೋ? ಅವರ ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ, ಯಜಮಾನರಿಗೆ ಬಿಪಿ, ಮಗ ಇನ್ನೂ ಪ್ರೈಮರಿ ಶಾಲೆ. ಮೂವರಿಗೂ ಒಂದೇ ಡಬ್ಬಿಯಿಂದ ಬಿಸ್ಕತ್ತು ಹೋಗುತ್ತದೆ. ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗ ಪೇಟೆಯಿಂದಲೂ ಇಂಥವೇ ಪ್ರಶ್ನೆಗಳು. ಮಗುವಿನ ಹಾಲಿಗೆ ಯಾವ ಪುಡಿ ಹಾಕಲಿ? ಮುರುಗಲು (ಪುನರ್ಪುಳಿ) ಸಿರಪ್ ಕುಡಿಯಬಹುದಾ? ಮಿಡಿ ಉಪ್ಪಿನಕಾಯಿ ಬಿಟ್ಟೇಬಿಡಬೇಕಾ?

ಇವಕ್ಕೆಲ್ಲ ಒಂದೇ ಉತ್ತರ ಇಲ್ಲ. ಅತ್ತೆಗೆ ಒಗ್ಗುವ ಪೊಟ್ಟಣ ಯಜಮಾನರಿಗೆ ಒಗ್ಗದೆ ಇರಬಹುದು. ಹಾಗಾಗಿ "ಯಾವುದು ಒಳ್ಳೆಯದು" ಅನ್ನುವ ಮುಂಚೆ "ಯಾರಿಗೆ" ಅಂತ ಕೇಳಿಕೊಳ್ಳಿ. ಆ ಮನುಷ್ಯನ ದೇಹಕ್ಕೆ ಬೇಕಾದ ಒಂದು ಸಾಲನ್ನು ಲೇಬಲ್‌ನಲ್ಲಿ ಹುಡುಕಿ. ಎಲ್ಲಾ ಸಾಲುಗಳನ್ನೂ ಓದಲು ಹೋದರೆ ಅಂಗಡಿಯಲ್ಲಿ ನಿಂತ ಕಾಲಿಗೆ ನೋವು ಬರುತ್ತದೆ, ತೀರ್ಮಾನ ಮಾತ್ರ ಬರುವುದಿಲ್ಲ.

ಮೊದಲು ಅಳತೆ ಗೊತ್ತಿರಲಿ

ಪೊಟ್ಟಣದ ಮುಂದಿನ ಗೋಧಿ ತೆನೆ, ಹಾಲಿನ ಲೋಟದ ಚಿತ್ರ ಸದ್ಯಕ್ಕೆ ಬಿಡಿ. ಹಿಂದೆ ತಿರುಗಿಸಿ. ಅಲ್ಲಿ ಎರಡು ಜಾಗ ಮುಖ್ಯ: ಪದಾರ್ಥಗಳ ಪಟ್ಟಿ ಮತ್ತು ಪೋಷಕಾಂಶಗಳ ಕೋಷ್ಟಕ.

ನಮ್ಮ ಮನೆಗಳಲ್ಲಿ ಮೊದಲ ತೊಡಕು ಭಾಷೆಯದು. ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ದರೆ ನಿಯಮಕ್ಕೆ ಸಾಕು. ಕನ್ನಡ ಹಾಕುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ದಿನಾ ಪೇಪರ್ ಓದುವ ಅಮ್ಮನಿಗೆ ತಾನು ತಿನ್ನುವ ಬಿಸ್ಕತ್ತಿನಲ್ಲಿ ಏನಿದೆ ಅಂತ ಓದಲಾಗದೆ ಹೋಗುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಅದು ಬದಲಾಗುವವರೆಗೆ ಮನೆಯ ಮಕ್ಕಳ ಕೈಯಲ್ಲಿ ಓದಿಸಿ. ಹುಡುಕಬೇಕಾದ ಹೆಸರುಗಳು ಕೆಲವೇ: ಎನರ್ಜಿ, ಪ್ರೋಟೀನ್, ಆ್ಯಡೆಡ್ ಶುಗರ್ಸ್ (ಮೇಲಿಂದ ಸೇರಿಸಿದ ಸಕ್ಕರೆ), ಸ್ಯಾಚುರೇಟೆಡ್ ಫ್ಯಾಟ್ (ಜಾಸ್ತಿಯಾದರೆ ಹೃದಯಕ್ಕೆ ಒಳ್ಳೆಯದಲ್ಲದ ಕೊಬ್ಬು), ಸೋಡಿಯಂ (ಉಪ್ಪಿನಲ್ಲಿರುವ ಅಂಶ). ಅಕ್ಷರ ತೀರಾ ಸಣ್ಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೊಳ್ಳಿ.

ಎರಡು ಪೊಟ್ಟಣ ಹೋಲಿಸುವಾಗ 100 ಗ್ರಾಂ ಅಥವಾ 100 ಮಿ.ಲೀ. ಅಂತ ಇರುವ ಕಾಲಂ ಮಾತ್ರ ನೋಡಿ. ಪಕ್ಕದಲ್ಲೇ "ಪರ್ ಸರ್ವ್", ಅಂದರೆ ಒಂದು ಸಲಕ್ಕೆ ತಿನ್ನುವಷ್ಟಕ್ಕೆ, ಅಂತ ಇನ್ನೊಂದು ಲೆಕ್ಕ ಇರುತ್ತದೆ. ಒಂದು ಸರ್ವ್ ಅಂದರೆ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಕಂಪನಿ. ಒಬ್ಬರು ಎರಡು ಬಿಸ್ಕತ್ತಿಗೆ ಲೆಕ್ಕ ಕೊಡುತ್ತಾರೆ, ಇನ್ನೊಬ್ಬರು ನಾಲ್ಕಕ್ಕೆ. ಆ ಲೆಕ್ಕ ಹಿಡಿದು ಹೋಲಿಸಿದರೆ ದಾರಿ ತಪ್ಪುತ್ತೀರಿ.

ದಿನದ ಮಿತಿ ಎಷ್ಟು? ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐನ, 2020ರ ಲೇಬಲ್ ನಿಯಮ ಒಬ್ಬ ಸಾಮಾನ್ಯ ವಯಸ್ಕನಿಗೆ ಹೀಗೆ ಲೆಕ್ಕ ಹಿಡಿಯುತ್ತದೆ: 2000 ಕಿಲೊ ಕ್ಯಾಲರಿ, ಒಟ್ಟು ಕೊಬ್ಬು 67 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ 22 ಗ್ರಾಂ, ಟ್ರಾನ್ಸ್ ಕೊಬ್ಬು (ವನಸ್ಪತಿಯಂಥ ಗಟ್ಟಿ ಮಾಡಿದ ಎಣ್ಣೆಯಲ್ಲಿ ಬರುವುದು) 2 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿ.ಗ್ರಾಂ. ಲೇಬಲ್‌ನಲ್ಲಿ ಕಾಣುವ ಶೇಕಡಾ ಲೆಕ್ಕ ಇದರದ್ದೇ. ಸಕ್ಕರೆಯನ್ನು ಇದರ ಅರ್ಧಕ್ಕೆ, ಅಂದರೆ ಸುಮಾರು 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾಲ್ಕು ಗ್ರಾಂ ಸಕ್ಕರೆ ಅಂದರೆ ಹೆಚ್ಚುಕಮ್ಮಿ ಒಂದು ಟೀ ಚಮಚ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 2000 ಮಿ.ಗ್ರಾಂ ಸೋಡಿಯಂ ಅಂದರೆ ಇಡೀ ದಿನಕ್ಕೆ 5 ಗ್ರಾಂ ಉಪ್ಪು. ಸಾರು, ಪಲ್ಯ, ಮಜ್ಜಿಗೆಗೆ ಹಾಕುವುದೂ ಅದರಲ್ಲೇ ಬಂತು.

ಒಂದು ಸಂಖ್ಯೆ ಕಂಡಾಗ ಅದು ಜಾಸ್ತಿಯೋ ಕಮ್ಮಿಯೋ ಹೇಗೆ ತಿಳಿಯುವುದು? ನಮ್ಮ ನಿಯಮದ ಪ್ರಕಾರ 100 ಗ್ರಾಂನಲ್ಲಿ ಸಕ್ಕರೆ 5 ಗ್ರಾಂ, ಕೊಬ್ಬು 3 ಗ್ರಾಂ, ಸೋಡಿಯಂ 120 ಮಿ.ಗ್ರಾಂ ಮೀರದಿದ್ದರೆ "ಕಮ್ಮಿ" ಅಂತ ಹೇಳಿಕೊಳ್ಳಬಹುದು. "ಜಾಸ್ತಿ" ಅನ್ನಲು ಬ್ರಿಟನ್ನಿನವರು ಕೆಂಪು ಗುರುತಿಗೆ ಇಟ್ಟುಕೊಂಡ ಗೆರೆ ಚೆನ್ನಾಗಿದೆ: ಸಕ್ಕರೆ 22.5 ಗ್ರಾಂ, ಕೊಬ್ಬು 17.5 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 5 ಗ್ರಾಂ, ಸೋಡಿಯಂ 600 ಮಿ.ಗ್ರಾಂ. ಇದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ.

ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ. "ರಿಫೈನ್ಡ್ ವೀಟ್ ಫ್ಲೋರ್" ಅಂದರೆ ಮೈದಾ. ಸಕ್ಕರೆ ಮಾತ್ರ ಬೇರೆ ಬೇರೆ ಹೆಸರಲ್ಲಿ ಹಂಚಿಹೋಗಿರಬಹುದು: ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲುಕೋಸ್, ಡೆಕ್ಸ್ಟ್ರೋಸ್, ಜೇನು, ಬೆಲ್ಲ. ಒಂದೊಂದೂ ಪಟ್ಟಿಯ ಕೆಳಗಡೆ ಕಂಡರೂ ಕೂಡಿಸಿದರೆ ಮೇಲಕ್ಕೆ ಬರುವಷ್ಟು ಇರುತ್ತದೆ. ಹೆಸರಿನಲ್ಲೇ ರಾಗಿ, ಓಟ್ಸ್, ಬಾದಾಮಿ ಅಂತ ಇದ್ದರೆ ಅದು ಎಷ್ಟು ಶೇಕಡಾ ಅಂತ ಪಟ್ಟಿಯಲ್ಲಿ ಹೇಳಲೇಬೇಕು. ರಾಗಿ ಬಿಸ್ಕತ್ತು ಕೊಳ್ಳುವಾಗ ಆ ಅಂಕಿ ಹುಡುಕಿ. ಮೊದಲ ಜಾಗದಲ್ಲಿ ಮೈದಾ ಕೂತಿದ್ದರೆ ನೀವು ಕೊಳ್ಳುತ್ತಿರುವುದು ಮೈದಾ ಬಿಸ್ಕತ್ತು.

ಚಹಾದ ಜೊತೆಗೆ

ಈಗ ಸಾಗರದವರ ಪ್ರಶ್ನೆಗೆ ಬರೋಣ. ಕಂಪನಿಯಿಂದ ಕಂಪನಿಗೆ ಅಂಕಿ ಬದಲಾಗುತ್ತದೆ, ಆದರೆ ಜಾತಿಗೆ ತಕ್ಕ ಸ್ವಭಾವ ಇದ್ದೇ ಇರುತ್ತದೆ.

ಮಾರಿಯಲ್ಲಿ 100 ಗ್ರಾಂಗೆ ಸಕ್ಕರೆ ಸಾಮಾನ್ಯವಾಗಿ 20ರಿಂದ 25 ಗ್ರಾಂ, ಕೊಬ್ಬು 10–12 ಗ್ರಾಂ. ಸಪ್ಪೆ ರುಚಿ ಇರುವುದರಿಂದ ಇದು ಹಗುರ ಅನ್ನುವ ನಂಬಿಕೆ ನಮ್ಮಲ್ಲಿದೆ. ಆಸ್ಪತ್ರೆಗೆ ರೋಗಿ ನೋಡಲು ಹೋದಾಗಲೂ ಇದನ್ನೇ ಒಯ್ಯುತ್ತೇವೆ. ಕೊಬ್ಬಿನ ಮಟ್ಟಿಗೆ ಆ ನಂಬಿಕೆ ಸರಿ, ಸಕ್ಕರೆಯ ಮಟ್ಟಿಗೆ ಅಲ್ಲ. ನಾಲ್ಕು ಮಾರಿ ತಿಂದರೆ ಒಂದು ಚಮಚಕ್ಕೂ ಮೀರಿ ಸಕ್ಕರೆ ಹೋಯಿತು. ಚಹಾದ ಸಕ್ಕರೆ ಬೇರೆ.

ಡೈಜೆಸ್ಟಿವ್ ತದ್ವಿರುದ್ಧ. ಸಕ್ಕರೆ ಸ್ವಲ್ಪ ಕಮ್ಮಿ, ಕೊಬ್ಬು ಸುಮಾರು 20 ಗ್ರಾಂ. ಆ ಕೊಬ್ಬು ಹೆಚ್ಚಿನವುಗಳಲ್ಲಿ ತಾಳೆ ಎಣ್ಣೆಯದು, ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್. ನಾರಿನಂಶ ಇದೆ ಅನ್ನುವುದು ನಿಜ. "ಹೈ ಫೈಬರ್" ಅನ್ನಲು 100 ಗ್ರಾಂಗೆ 6 ಗ್ರಾಂ ಇರಬೇಕು. ಆದರೆ ನಾವು ತಿನ್ನುವುದು ಎರಡು ಬಿಸ್ಕತ್ತು, ಅದರಿಂದ ಸಿಗುವ ನಾರು ಒಂದು ಗ್ರಾಂ ಚಿಲ್ಲರೆ. ದಿನಕ್ಕೆ ಬೇಕಾದದ್ದು 30 ಗ್ರಾಂ ಆಸುಪಾಸು. ಮಧ್ಯಾಹ್ನ ಒಂದು ಹಿಡಿ ಬಸಳೆ ಸೊಪ್ಪಿನ ಹುಳಿ ಜಾಸ್ತಿ ಬಡಿಸಿಕೊಂಡರೆ ಇದಕ್ಕಿಂತ ಲಾಭ. ನಾರಿಗೋಸ್ಕರ ಜಾಸ್ತಿ ದುಡ್ಡು ಕೊಟ್ಟು ಡೈಜೆಸ್ಟಿವ್ ತರುವುದರಲ್ಲಿ ಅರ್ಥ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪ್ಯಾಕೆಟ್ಟಿನ ರಸ್ಕ್ ಬಹುಪಾಲು ಮಾರಿಯ ನೆಂಟ: ಮೈದಾ, ಸಕ್ಕರೆ, ಎಣ್ಣೆ. ಒಣಗಿ ಹಗುರವಾಗಿರುವುದರಿಂದ ಕೈ ತಡೆಯುವುದಿಲ್ಲ, ಚಹಾದಲ್ಲಿ ಅದ್ದಿಕೊಂಡು ನಾಲ್ಕೈದು ಹೋಗಿಬಿಡುತ್ತವೆ. ಬೇಕರಿಯ ಬಿಡಿ ಟೋಸ್ಟ್, ಖಾರ ಬನ್, ಬೆಣ್ಣೆ ಬಿಸ್ಕತ್ತಿಗೆ ಎಷ್ಟೋ ಕಡೆ ಲೇಬಲ್ಲೇ ಇರುವುದಿಲ್ಲ. ಯಾವ ಎಣ್ಣೆ, ಯಾವ ಡಾಲ್ಡಾ ಅಂತ ಕೇಳಿ ತಿಳಿಯಬೇಕು. 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2 ಮೀರಬಾರದು ಅಂತ ನಿಯಮ ಬಂದಿದೆ. ಆದರೆ ಸ್ಯಾಚುರೇಟೆಡ್ ಕೊಬ್ಬಿಗೆ ಅಂಥ ಮಿತಿ ಇಲ್ಲ. ಬಿಪಿ, ಹೃದಯದ ತೊಂದರೆ ಇರುವವರು ಬೇಕರಿ ಟೋಸ್ಟ್ ಅನ್ನು ಅಪರೂಪಕ್ಕೆ ಇಟ್ಟುಕೊಳ್ಳುವುದು ವಾಸಿ.

ಕ್ರ್ಯಾಕರ್, ಅಂದರೆ ಉಪ್ಪು ಬಿಸ್ಕತ್ತು: ಸಕ್ಕರೆ ಕಮ್ಮಿ, ಸೋಡಿಯಂ ಜಾಸ್ತಿ. ಸಿಹಿ ಬಿಸ್ಕತ್ತಿನಲ್ಲೂ ಸೋಡಿಯಂ ಇರುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಉಬ್ಬಲು ಹಾಕುವ ಸೋಡಾ ಐಎನ್‌ಎಸ್ 500 ಅನ್ನುವ ಹೆಸರಲ್ಲಿ ಪಟ್ಟಿಯ ಕೊನೆಯಲ್ಲಿ ಕೂತಿರುತ್ತದೆ.

"ಶುಗರ್ ಫ್ರೀ" ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲದಿದ್ದರೂ ಮೈದಾ ಮತ್ತು ಕೊಬ್ಬು ಇರುತ್ತವೆ. ಮೈದಾ ಹೊಟ್ಟೆಗೆ ಹೋದ ಮೇಲೆ ಗ್ಲುಕೋಸೇ ಆಗುತ್ತದೆ. ಸಕ್ಕರೆ ಕಾಯಿಲೆಯವರು ಒಟ್ಟು ಕಾರ್ಬೋಹೈಡ್ರೇಟ್ ಸಾಲನ್ನೂ ನೋಡಬೇಕು.

ಹಾಗಾದರೆ ಆ ಮನೆಗೆ ಏನು? ಅತ್ತೆಯವರು ಕಾರ್ಬೋಹೈಡ್ರೇಟ್ ಮತ್ತು ಸಕ್ಕರೆ ನೋಡಲಿ. ಬಿಸ್ಕತ್ತೇ ಬೇಕೆಂದರೆ ಎರಡು ಮಾರಿ ಸಾಕು, ಚಹಾ ಸಕ್ಕರೆ ಇಲ್ಲದ್ದು. ಯಜಮಾನರು ಸೋಡಿಯಂ ನೋಡಲಿ, ಕ್ರ್ಯಾಕರ್ ಬೇಡ. ಮಗನಿಗೆ ಹೊಟ್ಟೆ ತುಂಬುವಂಥದ್ದು ಬೇಕು, ಅದು ಈ ಯಾವ ಪೊಟ್ಟಣದಲ್ಲೂ ಇಲ್ಲ. ಮೂವರಿಗೂ ಹೊಂದುವುದು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೇರಿನ ಲೆಕ್ಕದಲ್ಲಿ ಸಿಗುವ ಹುರಿಗಡಲೆ. 100 ಗ್ರಾಂಗೆ ಸುಮಾರು 20 ಗ್ರಾಂ ಪ್ರೋಟೀನ್, ಸೇರಿಸಿದ ಸಕ್ಕರೆ ಸೊನ್ನೆ, ಉಪ್ಪು ಹಚ್ಚದ್ದನ್ನು ಆರಿಸಿದರೆ ಸೋಡಿಯಂ ಚಿಂತೆಯೂ ಇಲ್ಲ. ಬೆಲೆಯಲ್ಲೂ ಡೈಜೆಸ್ಟಿವ್‌ಗಿಂತ ಕಮ್ಮಿ. ಮಂಡಕ್ಕಿಗೆ ಮಾಡುವಾಗಲೇ ಉಪ್ಪು ಹಾಕಿರುತ್ತಾರೆ, ಬಿಪಿಯವರು ಅದನ್ನು ಲೆಕ್ಕದಲ್ಲಿಡಿ.

ಮಗುವಿನ ಹಾಲಿಗೆ

ತಾಯಂದಿರು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಇಲ್ಲಿ. ಮಗು ಬೆಳೆಯಬೇಕು ಅಂತ ತಿಂಗಳ ಸಾಮಾನಿನಲ್ಲಿ ದುಡ್ಡು ಕೂಡಿಸಿ ಪುಡಿ ಡಬ್ಬ ತರುತ್ತಾರೆ. ಅವರ ಕಾಳಜಿ ದೊಡ್ಡದು, ಅದಕ್ಕೇ ಈ ಲೆಕ್ಕ ಪೂರ್ತಿ ಕೊಡುತ್ತೇನೆ.

ಮೊದಲು ಬರೀ ಹಾಲು. ಒಂದು ಲೋಟ, ಅಂದರೆ 200 ಮಿ.ಲೀ. ಹಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 240 ಮಿ.ಗ್ರಾಂನಷ್ಟು ಕ್ಯಾಲ್ಸಿಯಂ. ಇನ್ನು ಮಾಲ್ಟ್ ಪುಡಿ. ಬಹಳಷ್ಟು ಕಂಪನಿಗಳ ಪುಡಿಯಲ್ಲಿ 100 ಗ್ರಾಂಗೆ 30 ಗ್ರಾಂ ಅಥವಾ ಮೇಲೆ ಸಕ್ಕರೆ ಇರುತ್ತದೆ. ಒಂದು ಸಲಕ್ಕೆ 20 ಗ್ರಾಂ ಹಾಕಿದರೆ 6 ಗ್ರಾಂ ಸಕ್ಕರೆ, ಪ್ರೋಟೀನ್ ಸುಮಾರು 2 ಗ್ರಾಂ. ದಿನಕ್ಕೆ ಎರಡು ಸಲ ಆದರೆ ಮೂರು ಚಮಚ ಸಕ್ಕರೆ. ಸಿಹಿ ಸಾಲದು ಅಂತ ಮೇಲೊಂದು ಚಮಚ ಹಾಕುವ ಮನೆಗಳೂ ಇವೆ. "ಎತ್ತರ ಬೆಳೆಸುವ" ಶಕ್ತಿ ಬಹುಪಾಲು ಆ ಲೋಟದ ಹಾಲಿನದು.

ಹಾಗಂತ ಪುಡಿ ಪೂರ್ತಿ ವ್ಯರ್ಥ ಅನ್ನಲಾರೆ. ಕಬ್ಬಿಣ, ಕೆಲವು ವಿಟಮಿನ್‌ಗಳನ್ನು ಸೇರಿಸಿರುತ್ತಾರೆ. ಬರೀ ಹಾಲು ಕಂಡರೆ ಓಡುವ ಮಗು ಪುಡಿ ಹಾಕಿದರೆ ಕುಡಿಯುತ್ತದೆ ಅನ್ನುವುದಾದರೆ ಅದೂ ಒಂದು ಲಾಭ. ಆಗ ಅಳತೆ ಅರ್ಧ ಮಾಡಿ, ಮೇಲೆ ಸಕ್ಕರೆ ಹಾಕಬೇಡಿ. ಎರಡು ಡಬ್ಬ ಹೋಲಿಸುವಾಗ ಆ್ಯಡೆಡ್ ಶುಗರ್ಸ್ ಸಾಲು ನೋಡಿ, ಕಮ್ಮಿ ಇರುವುದನ್ನು ತನ್ನಿ. ಮಾಲ್ಟ್ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ಅನ್ನುವ ಹೆಸರಿನಡಿ ಇಡಬೇಡಿ ಅಂತ 2024ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಅಂಗಡಿಗಳಿಗೆ ಹೇಳಿದೆ.

ಮೂರನೆಯದು ರಾಗಿ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಮೊಳಕೆ ಕಟ್ಟಿ, ಹುರಿದು ಬೀಸಿಟ್ಟ ಹಿಟ್ಟಿನ ಗಂಜಿಗೆ ಹಾಲು ಬೆರೆಸಿದರೆ ಎರಡರ ಲಾಭವೂ ಸಿಗುತ್ತದೆ. ಖರ್ಚು ಡಬ್ಬದ ಪುಡಿಗೆ ಹೋಲಿಸಿದರೆ ತೀರಾ ಕಮ್ಮಿ. ತೊಂದರೆ ಅಂದರೆ ಕೆಲಸ. ಮಳೆಗಾಲದಲ್ಲಿ ನಮ್ಮ ಕಡೆ ಮೊಳಕೆ ಒಣಗಿಸಲು ಬಿಸಿಲೇ ಇರುವುದಿಲ್ಲ, ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಬೇಕು. ಸಮಯ ಇಲ್ಲದವರು ಅಂಗಡಿಯ ರಾಗಿ ಮಾಲ್ಟ್ ತರಬಹುದು. ಆದರೆ ಕೆಲವು ಪೊಟ್ಟಣಗಳಲ್ಲಿ ಮೊದಲ ಪದಾರ್ಥವೇ ಸಕ್ಕರೆ. ರಾಗಿಯೊಂದೇ ಇರುವ, ಸಿಹಿ ಹಾಕದ ಪೊಟ್ಟಣ ಆರಿಸಿ.

ಹಾಲಿನ ಪೊಟ್ಟಣದ ಬಗ್ಗೆಯೂ ಕೇಳಿದ್ದೀರಿ. ನಂದಿನಿ ನೀಲಿ ಪೊಟ್ಟಣ ಟೋನ್ಡ್ ಹಾಲು, ಕೊಬ್ಬು ಶೇಕಡಾ 3. ಶುಭಂ 4.5, ಸಮೃದ್ಧಿ 6. ಪ್ರೋಟೀನ್ ಹೆಚ್ಚುಕಮ್ಮಿ ಒಂದೇ. ತೂಕ, ಕೊಲೆಸ್ಟ್ರಾಲ್ ಚಿಂತೆ ಇರುವ ದೊಡ್ಡವರಿಗೆ ನೀಲಿ ಸಾಕು. ಸಣಕಲು ಮಗುವಿಗೆ ಗಟ್ಟಿ ಹಾಲು ಕೊಡಿ.

ಮುರುಗಲು, ಜ್ಯೂಸ್, ಜೋನಿ ಬೆಲ್ಲ

ಮುರುಗಲು ನಮ್ಮದೇ ಹಣ್ಣು, ಹಾಗಾಗಿ ಅದರ ಸಿರಪ್ಪೂ ಔಷಧಿ ಅನ್ನುವಂತೆ ಕುಡಿಯುತ್ತೇವೆ. ಲೆಕ್ಕ ನೋಡಿ. ಸಿರಪ್ ಅನ್ನಿಸಿಕೊಳ್ಳಬೇಕಾದರೆ ಅದರಲ್ಲಿ ಕರಗಿದ ಅಂಶ ಶೇಕಡಾ 65ಕ್ಕೆ ಕಮ್ಮಿ ಇರಬಾರದು ಅಂತ ನಿಯಮ. ಅದರಲ್ಲಿ ಬಹುಪಾಲು ಸಕ್ಕರೆ. ಲೋಟಕ್ಕೆ 30 ಮಿ.ಲೀ. ಹಾಕಿದರೆ ಸುಮಾರು 25 ಗ್ರಾಂ, ಅಂದರೆ ಆರು ಚಮಚ. ಮನೆಯಲ್ಲಿ ಮಾಡಿದ ಸಿರಪ್ಪಿಗೂ ಇದೇ ಮಾತು. ಪೇಟೆಯ ಮಾವಿನ ಪಾನೀಯ, ಕೋಲಾಗಳಲ್ಲಿ 100 ಮಿ.ಲೀ.ಗೆ 10ರಿಂದ 14 ಗ್ರಾಂ. 200 ಮಿ.ಲೀ. ಕುಡಿದರೆ ಅಲ್ಲಿಗೂ ಅಷ್ಟೇ ಆಯಿತು.

ಆದರೆ ಮುರುಗಲಿಗೆ ಒಂದು ಒಳ್ಳೆಯ ದಾರಿ ಇದೆ, ಕೋಲಾಗೆ ಇಲ್ಲ. ಒಣ ಸಿಪ್ಪೆ ತಂದು ರಾತ್ರಿ ನೆನೆಸಿಡಿ. ಬೆಳಿಗ್ಗೆ ಕಿವುಚಿ, ಜೀರಿಗೆ ಪುಡಿ ಹಾಕಿ, ಸಿಹಿ ನಿಮ್ಮ ಕೈ ಅಳತೆಯಲ್ಲಿ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆಯವರು ಸಿಹಿ ಇಲ್ಲದೆ ಸಾರಿನ ಹಾಗೆ ಕುಡಿಯಬಹುದು.

"100% ಹಣ್ಣಿನ ರಸ" ಅನ್ನುವ ಮಾತನ್ನು, ಗಟ್ಟಿ ರಸಕ್ಕೆ ನೀರು ಬೆರೆಸಿ ಮಾಡಿದ ಜ್ಯೂಸಿನ ಪೊಟ್ಟಣಗಳಿಂದ ತೆಗೆಯಿರಿ ಅಂತ 2024ರ ಜೂನ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆದೇಶ ಮಾಡಿತು. ಹಣ್ಣನ್ನೇ ತಿನ್ನುವುದು ಇದ್ದದ್ದರಲ್ಲಿ ಉತ್ತಮ. ಜೋನಿ ಬೆಲ್ಲದಲ್ಲೂ, ಬೆಲ್ಲದ ಬಿಸ್ಕತ್ತಿನಲ್ಲೂ ಇರುವುದು ಬಹುಪಾಲು ಸಕ್ಕರೆಯೇ. ದೋಸೆಗೆ ಒಂದು ಚಮಚ ಹಾಕಿಕೊಳ್ಳುವ ಸುಖ ಬೇಡ ಅನ್ನುತ್ತಿಲ್ಲ, ಲೆಕ್ಕಕ್ಕೆ ಸೇರಿಸಿ ಅಷ್ಟೇ.

ಮಿಡಿ, ಹಪ್ಪಳ, ನೂಡಲ್ಸ್: ಉಪ್ಪಿನ ಲೆಕ್ಕ

ಉಪ್ಪಿನಲ್ಲಿ ನೆನೆದ ಮಿಡಿಯೇ ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪು ಕಮ್ಮಿ ಮಾಡಿದರೆ ಅದು ಮಳೆಗಾಲ ದಾಟುವುದಿಲ್ಲ. ಹಾಗಾಗಿ ಪೇಟೆ ಉಪ್ಪಿನಕಾಯಿಯ ಲೇಬಲ್‌ನಲ್ಲಿ 100 ಗ್ರಾಂಗೆ ಹಲವು ಸಾವಿರ ಮಿ.ಗ್ರಾಂ ಸೋಡಿಯಂ ಕಂಡರೆ ಗಾಬರಿಯಾಗಬೇಡಿ, ಯಾರೂ 100 ಗ್ರಾಂ ತಿನ್ನುವುದಿಲ್ಲ. ಇಲ್ಲಿ ಮಾತ್ರ ತಿನ್ನುವ ಅಳತೆಗೆ ಇಳಿಸಿ ನೋಡಬೇಕು. 4000 ಮಿ.ಗ್ರಾಂ ಇದೆ ಎಂದುಕೊಳ್ಳಿ. ರಸದ ಸಮೇತ ಒಂದು ಮಿಡಿ 15 ಗ್ರಾಂ ಆದರೆ 600 ಮಿ.ಗ್ರಾಂ, ದಿನದ ಮಿತಿಯ ಮೂರನೇ ಒಂದು ಭಾಗದ ಹತ್ತಿರ. ಎರಡು ಊಟಕ್ಕೂ ಹಾಕಿಕೊಂಡರೆ ಅರ್ಧ ದಾಟಿತು.

ಬಿಪಿ ಇರುವವರಿಗೆ ನನ್ನ ಸಲಹೆ ಹೀಗೆ: ಮಿಡಿ ಬಿಡಲೇಬೇಕು ಅಂತಿಲ್ಲ, ದಿನಕ್ಕೊಂದು ಸಲ ಅರ್ಧ ಮಿಡಿ, ರಸ ಬಿಟ್ಟು. ಅದೇ ಊಟಕ್ಕೆ ಹಪ್ಪಳ ಬೇಡ. ಉದ್ದಿನ ಹಪ್ಪಳಕ್ಕೆ ಉಪ್ಪಿನ ಜೊತೆ ಹಪ್ಪಳದ ಖಾರವೂ (ಸೋಡಾದಂಥ ಕ್ಷಾರ, ಮೆಣಸಿನ ಖಾರ ಅಲ್ಲ) ಸೇರುತ್ತದೆ, ಅದರಲ್ಲೂ ಸೋಡಿಯಂ ಇದೆ. ಹಲಸಿನ ಹಪ್ಪಳವನ್ನು ಕರಿಯುವ ಬದಲು ಕೆಂಡದ ಮೇಲೆ ಸುಟ್ಟರೆ ಎಣ್ಣೆಯಾದರೂ ಉಳಿಯುತ್ತದೆ. ಮಹಿಳಾ ಸಂಘಗಳ ಹಪ್ಪಳ, ಉಪ್ಪಿನಕಾಯಿ ಕೊಳ್ಳುವವರು 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ನೋಡಿ. ಏನೇನು ಹಾಕಿದ್ದೀರಿ ಅಂತ ಕೇಳಿದರೆ ಮಾಡಿದವರೇ ಹೇಳುತ್ತಾರೆ; ಈ ಅನುಕೂಲ ದೊಡ್ಡ ಕಂಪನಿಯಲ್ಲಿ ಸಿಗದು.

ನೂಡಲ್ಸ್ ಶಂಕರಘಟ್ಟದ ಹಾಸ್ಟೆಲ್ ಹುಡುಗರ ಪ್ರಶ್ನೆ. 100 ಗ್ರಾಂಗೆ 1000 ಮಿ.ಗ್ರಾಂ ಆಸುಪಾಸು ಸೋಡಿಯಂ ಸಾಮಾನ್ಯ. 70 ಗ್ರಾಂ ಪೊಟ್ಟಣ ಒಬ್ಬರೇ ತಿಂದರೆ 700. ಇದರಲ್ಲಿ ದೊಡ್ಡ ಪಾಲು ಒಳಗಿನ ಮಸಾಲೆ ಪುಡಿಯ ಚಿಕ್ಕ ಪೊಟ್ಟಣದ್ದು, ಅದನ್ನು ಅರ್ಧ ಹಾಕಿ. ಆಟಾ ನೂಡಲ್ಸ್ ಅಂದರೂ ಸೋಡಿಯಂ ಇಳಿದಿರುತ್ತದೆ ಅಂತಿಲ್ಲ, ತಿರುಗಿಸಿ ನೋಡಿ. ಮಸಾಲಾ ಓಟ್ಸ್‌ಗೂ ಇದೇ ಪರೀಕ್ಷೆ. ನೀರು ಕಾಯಿಸುವಷ್ಟು ಹೊತ್ತಿನಲ್ಲೇ ತೆಳು ಅವಲಕ್ಕಿಗೆ ಮೊಸರು, ಶೇಂಗಾ ಕಲಸಬಹುದು. ಅಗ್ಗ, ಉಪ್ಪು ನಿಮ್ಮ ಕೈಯಲ್ಲಿ.

ಎಣ್ಣೆ ಮತ್ತು ತಾರೀಕು

ಎಣ್ಣೆಯ ಬಾಟಲಿ ಮೇಲೆ "ಕೊಲೆಸ್ಟ್ರಾಲ್ ಫ್ರೀ" ಅಂತಿದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ, ಗಿಡದಿಂದ ಬಂದ ಎಣ್ಣೆ ಹಾಗೆಯೇ ಇರುತ್ತದೆ. ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬು. ತೆಂಗಿನೆಣ್ಣೆಯಲ್ಲಿ ಅದು ಶೇಕಡಾ 90ರ ಹತ್ತಿರ, ತಾಳೆ ಎಣ್ಣೆಯಲ್ಲಿ 50ರ ಹತ್ತಿರ, ಶೇಂಗಾ ಎಣ್ಣೆಯಲ್ಲಿ 20ರ ಒಳಗೆ. ಒಗ್ಗರಣೆಗೆ ತೆಂಗಿನೆಣ್ಣೆ ಬಿಡಲಾರದವರು ಉಳಿದ ಅಡುಗೆಗೆ ಶೇಂಗಾ ಬಳಸಿ.

ತಾರೀಕು ಹಳ್ಳಿ ಅಂಗಡಿಯಲ್ಲಿ ಮುಖ್ಯ. ವ್ಯಾಪಾರ ನಿಧಾನ, ಸರಕು ಹಳೆಯದಾಗಿರುತ್ತದೆ. ತಯಾರಿಸಿದ ದಿನ ಹತ್ತಿರದ್ದಿರುವ ಪೊಟ್ಟಣ ಕೇಳಿ ತೆಗೆದುಕೊಳ್ಳಿ. ಅದರ ಮೇಲಿನ ಕೊನೆಯ ದಿನ ಪೊಟ್ಟಣ ಒಡೆಯುವವರೆಗೆ ಮಾತ್ರ ಲೆಕ್ಕ. ಆಗುಂಬೆ, ಹೊಸನಗರದ ಮಳೆಯಲ್ಲಿ ಒಡೆದ ಪೊಟ್ಟಣ ಒಂದೆರಡು ದಿನದಲ್ಲೇ ಮೆತ್ತಗಾಗುತ್ತದೆ. ದೊಡ್ಡ ಪ್ಯಾಕ್ ಅಗ್ಗ ಅಂತ ತರುವುದು ಆಷಾಢದಲ್ಲಿ ಉಳಿತಾಯವಲ್ಲ.

ಕೊನೆಗೆ ಭದ್ರಾವತಿಯವರ ಪ್ರಶ್ನೆ: "ಲೋ ಸೋಡಿಯಂ" ಉಪ್ಪು ತಂದರೆ ಮಿಡಿ, ಹಪ್ಪಳ ಹಾಯಾಗಿ ತಿನ್ನಬಹುದಲ್ವಾ? ಆ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬಿಪಿ ಮಾತ್ರ ಇರುವ, ಕಿಡ್ನಿ ಚೆನ್ನಾಗಿರುವ ಎಷ್ಟೋ ಜನಕ್ಕೆ ಅದರಿಂದ ಉಪಯೋಗ ಇದೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಅಪಾಯ ಆಗಬಹುದು. ಡಾಕ್ಟರನ್ನು ಕೇಳದೆ ಆ ಪೊಟ್ಟಣ ಮನೆಗೆ ತರಬೇಡಿ. ಕೇಳಲು ಹೋಗುವಾಗ ಪೊಟ್ಟಣದ ಹಿಂಬದಿಯ ಫೋಟೋ ಮತ್ತು ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಎರಡನ್ನೂ ಒಯ್ಯಿರಿ.